ರಾಕಿಯ ಪೂರ್ವಕ್ಕೆ ಬಿರುಗಾಳಿ, ಘಟ್ಟದ ಪೂರ್ವಕ್ಕೆ ಬರ: ಯಾಕೆ?

ಘಟ್ಟದಾಚೆ (ಪ್ರಶ್ನೆ)

ಗಾಳಿ ಬೆಟ್ಟ ಏರುವಾಗ ಮಳೆ ಸುರಿಸುತ್ತೆ, ಆಚೆ ಇಳಿಯುವಾಗ ಕಿಲೋಮೀಟರಿಗೆ 9.8 ಡಿಗ್ರಿಯಂತೆ ಬಿಸಿಯಾಗಿ ಒಣಗುತ್ತೆ. ಆಗುಂಬೆಗೆ ವರ್ಷಕ್ಕೆ 7,000 ಮಿ.ಮೀ. ದಾಟುವಾಗ ಚಳ್ಳಕೆರೆ 500ರ ಆಸುಪಾಸಿನಲ್ಲೇ ನಿಲ್ಲೋದು ಇದರಿಂದ. ಅಮೆರಿಕದಲ್ಲೂ ಪಶ್ಚಿಮದ ಗಾಳಿಯೇ ರಾಕಿ ಪರ್ವತ ದಾಟಿ ಇಳಿಯುತ್ತೆ. ಹಾಗಿದ್ದೂ ಟೆಕ್ಸಾಸ್, ಒಕ್ಲಹೋಮ, ಕ್ಯಾನ್ಸಾಸ್‌ನಲ್ಲಿ ಏಪ್ರಿಲ್–ಜೂನ್ ಹೊತ್ತಿಗೆ ಸುಂಟರಗಾಳಿ, ನಿಂಬೆಹಣ್ಣು ಗಾತ್ರದ ಆಲಿಕಲ್ಲು. ಹವಾಮಾನ ಬಲೂನ್ ಮೇಲೇರುತ್ತಾ ಅಳೆದ ಮಾಹಿತಿ ನೋಡಿ ಇದನ್ನು ಮೊದಲೇ ಗುರುತಿಸುವುದು ಹೇಗೆ ಅಂತಲೂ ತಿಳಿಸಿ.

ಬಯಲುಗಾಳಿ

ಒಣಗಾಳಿ ಅಲ್ಲೂ ಬರುತ್ತೆ. ಆದರೆ ಬಯಲಿಗೆ ಬಂದಾಗ ಅದು ನೆಲ ಮುಟ್ಟುವುದಿಲ್ಲ, ತೇವದ ಗಾಳಿಯ ಬೆನ್ನ ಮೇಲೆ ಹರಡಿಕೊಳ್ಳುತ್ತೆ. ಎಲ್ಲ ವ್ಯತ್ಯಾಸ ಇರುವುದು ಅಲ್ಲೇ.

ಮೊದಲು ತೇವ ಎಲ್ಲಿಂದ ಅಂತ ನೋಡೋಣ. ಮೇಲಿನ ಜೋರು ಗಾಳಿ ರಾಕಿ ದಾಟಿ ಇಳಿಯುವಾಗ ಗಾಳಿಯ ಕಂಬ ಮೇಲಕ್ಕೂ ಕೆಳಕ್ಕೂ ಎಳೆದಂತೆ ಉದ್ದವಾಗುತ್ತೆ. ಉದ್ದವಾದ ಕಂಬ ಸಪೂರವಾಗುತ್ತೆ, ಸಪೂರವಾದಷ್ಟೂ ತಿರುಗುವ ವೇಗ ಹೆಚ್ಚುತ್ತೆ. ಹೀಗೆ ಕೊಲರಾಡೊದ ಪೂರ್ವ ತಪ್ಪಲಲ್ಲಿ ವಾಯುಭಾರ ಕುಸಿತ ಹುಟ್ಟುತ್ತೆ. ಆ ಕುಸಿತ ದಕ್ಷಿಣದ ಮೆಕ್ಸಿಕೊ ಕೊಲ್ಲಿಯಿಂದ ತೇವದ ಗಾಳಿಯನ್ನು ಬಯಲಿನುದ್ದಕ್ಕೂ ಎಳೆಯುತ್ತೆ. ದಾರಿಯಲ್ಲಿ ಅಡ್ಡ ಬರುವ ಬೆಟ್ಟವೇ ಇಲ್ಲ. ಆಲ್ಪ್ಸ್ ದಕ್ಷಿಣಕ್ಕೆ ಜಿನೋವಾ ಕೊಲ್ಲಿಯಲ್ಲಿ ಹುಟ್ಟುವ ಕುಸಿತವೂ ಇದೇ ಜಾತಿಯದು.

ಇನ್ನು ಮುಚ್ಚಳ, ಅಂದರೆ ಕೆಳಗಿನ ತೇವ ಮೇಲೇಳದಂತೆ ತಡೆಯುವ ಬಿಸಿಗಾಳಿಯ ಪದರ. ಮೆಕ್ಸಿಕೊ ಪ್ರಸ್ಥಭೂಮಿ ಮತ್ತು ನೈರುತ್ಯದ ಮರುಭೂಮಿಗಳ ನೆಲ 1,500–2,000 ಮೀಟರ್ ಎತ್ತರದಲ್ಲಿದೆ. ಅಲ್ಲಿ ಕಾದ ಗಾಳಿ ಪೂರ್ವಕ್ಕೆ ಬಂದಾಗ ನೆಲ ಕೆಳಗೆ ಹೋಗಿರುತ್ತೆ, ಗಾಳಿ ಅದೇ ಎತ್ತರದಲ್ಲಿ ಉಳಿದಿರುತ್ತೆ. ಕೆಳಗಿನ ತೇವಕ್ಕಿಂತ ಅದು ಬಿಸಿ, ಹಾಗಾಗಿ ಬೆಳಗಿನಿಂದ ಮೋಡ ಏಳಲು ಬಿಡುವುದಿಲ್ಲ. ಮುಚ್ಚಳವಿಲ್ಲದಿದ್ದರೆ ಹನ್ನೊಂದು ಗಂಟೆಗೇ ಸಣ್ಣಪುಟ್ಟ ತುಂತುರಾಗಿ ಮುಗಿದುಹೋಗುತ್ತಿತ್ತು. ಮುಚ್ಚಳ ಇರುವುದರಿಂದ ಬಿಸಿಲೂ ತೇವವೂ ಸಂಜೆ ನಾಲ್ಕೈದರವರೆಗೆ ಕೂಡಿಕೊಂಡು ಒಂದೆರಡು ಕಡೆ ಮಾತ್ರ ಒಡೆಯುತ್ತವೆ. ಒಡೆಯುವ ಜಾಗ ಬಹುಪಾಲು ಒಣಗೆರೆ, ಅಂದರೆ ಒಣಗಾಳಿ ಮತ್ತು ತೇವದ ಗಾಳಿಯ ಗಡಿ. ಅಲ್ಲಿ ಕೆಲವೇ ಹತ್ತು ಕಿ.ಮೀ. ಒಳಗೆ ಇಬ್ಬನಿ ಬಿಂದು (ಗಾಳಿಯ ತೇವ ಹನಿಗಟ್ಟಲು ಶುರುವಾಗುವ ಉಷ್ಣಾಂಶ, ಹೆಚ್ಚಿದ್ದಷ್ಟೂ ತೇವ ಹೆಚ್ಚು) 18 ಡಿಗ್ರಿಯಿಂದ ಐದಕ್ಕಿಂತ ಕೆಳಗೂ ಇಳಿಯಬಹುದು. ಹಗಲು ಅದು ಪೂರ್ವಕ್ಕೆ ಸರಿದು ರಾತ್ರಿ ಪಶ್ಚಿಮಕ್ಕೆ ಹಿಂದಿರುಗುತ್ತೆ.

ಓದುವ ಕ್ರಮ: ವಯೋಮಿಂಗ್ ವಿಶ್ವವಿದ್ಯಾಲಯದ ಜಾಲತಾಣದಲ್ಲಿ ನಾರ್ಮನ್ (72357) ಅಥವಾ ಅಮರಿಲ್ಲೊ (72363) ಕೇಂದ್ರದ 12 ಯುಟಿಸಿ (ಅಂತರರಾಷ್ಟ್ರೀಯ ಪ್ರಮಾಣ ಸಮಯ) ಬಲೂನ್ ನಕ್ಷೆ ತೆರೆಯಿರಿ. ಬೇಸಿಗೆ ಗಡಿಯಾರದಲ್ಲಿ ಅಲ್ಲಿಗೆ ಬೆಳಿಗ್ಗೆ 7. ನೆಲದ ಇಬ್ಬನಿ ಬಿಂದು 18ಕ್ಕೆ ಮೇಲಿರಬೇಕು. ಅದಕ್ಕಿಂತ ಮುಖ್ಯವಾಗಿ ಆ ತೇವ ಕನಿಷ್ಠ ಒಂದು ಕಿ.ಮೀ. ದಪ್ಪ ಇರಬೇಕು, ತೆಳುವಾಗಿದ್ದರೆ ಮಧ್ಯಾಹ್ನದ ಬಿಸಿಲಿಗೆ ಮೇಲಿನ ಒಣಗಾಳಿ ಬೆರೆತು ಇಬ್ಬನಿ ಬಿಂದು ಕುಸಿಯುತ್ತೆ. ಹೊಸಬರು ಮೋಸ ಹೋಗುವುದು ಇಲ್ಲೇ. ಆಮೇಲೆ 850–700 ಹೆಕ್ಟೋಪಾಸ್ಕಲ್ (ವಾಯುಭಾರದ ಅಳತೆ, ಸುಮಾರು ಒಂದೂವರೆಯಿಂದ ಮೂರು ಕಿ.ಮೀ. ಎತ್ತರ) ನಡುವೆ ಉಷ್ಣಾಂಶದ ಗೆರೆ ಬಲಕ್ಕೆ ಮೂಗಿನಂತೆ ಚಾಚಿದೆಯೇ ನೋಡಿ, ಅದೇ ಮುಚ್ಚಳ. ಅದರ ಮೇಲೆ ಕಿಲೋಮೀಟರಿಗೆ 8 ಡಿಗ್ರಿಗಿಂತ ಹೆಚ್ಚು ತಣಿಯುತ್ತಿದ್ದರೆ ಮರುಭೂಮಿಯ ಗಾಳಿ ಬಂದಿದೆ ಎಂದರ್ಥ. ಮೋಡದ ತಳಕ್ಕೆ ಸುಲಭದ ಲೆಕ್ಕ ಇದೆ: ನೆಲದ ಉಷ್ಣಾಂಶದಿಂದ ಇಬ್ಬನಿ ಬಿಂದು ಕಳೆದು 125ರಿಂದ ಗುಣಿಸಿ. 30 ಮತ್ತು 20 ಇದ್ದರೆ ನೆಲದಿಂದ 1,250 ಮೀಟರ್.

ಮಳೆಮಾಪಕ

ಘಟ್ಟದಲ್ಲಿ ಹೀಗಾಗದಿರುವುದಕ್ಕೆ ನನ್ನ ಪ್ರಕಾರ ದೊಡ್ಡ ಕಾರಣ ಅಕ್ಷಾಂಶ. ಭೂಮಿ ತಿರುಗುವುದರ ಪರಿಣಾಮ ಅಕ್ಷಾಂಶದ ಸೈನ್ ಬೆಲೆಗೆ ತಕ್ಕಂತೆ. ಆಗುಂಬೆಯ 13.5 ಡಿಗ್ರಿಯಲ್ಲಿ ಅದು 0.23, ಕೊಲರಾಡೊದ 39ರಲ್ಲಿ 0.63. ತಿರುವಿಗೆ ಬಂಡವಾಳವೇ ಮೂರನೇ ಒಂದರಷ್ಟು ಅಂದಮೇಲೆ ಕಂಬ ಎಳೆದರೂ ದೊಡ್ಡ ಕುಸಿತ ಹುಟ್ಟುವುದಿಲ್ಲ. ಜೊತೆಗೆ ಜೂನ್–ಸೆಪ್ಟೆಂಬರ್‌ನಲ್ಲಿ ತೇವ ಬರುವುದು ಬೆಟ್ಟದ ಪಶ್ಚಿಮ ಬದಿಯಿಂದ. ಮರೆಯ ಬದಿಗೆ, ಅಂದರೆ ಗಾಳಿ ಇಳಿಯುವ ಪೂರ್ವಕ್ಕೆ, ಬಂಗಾಳ ಕೊಲ್ಲಿ ಇದ್ದರೂ ಆಗಿನ ಪಶ್ಚಿಮದ ಗಾಳಿ ಅದರ ತೇವವನ್ನು ಇತ್ತ ತರುವುದಿಲ್ಲ.

ಏಪ್ರಿಲ್–ಮೇ ಕಥೆ ಬೇರೆ. ಆಗ ವಿದರ್ಭದಿಂದ ಕರ್ನಾಟಕದ ಒಳನಾಡಿನ ಮೂಲಕ ತಮಿಳುನಾಡಿನತ್ತ ಒಂದು ಗಾಳಿಗೆರೆ ಆಗಾಗ ನಿಲ್ಲುತ್ತೆ. ಬಂಗಾಳ ಕೊಲ್ಲಿಯ ತೇವ ಅಲ್ಲಿ ಪಶ್ಚಿಮದ ಗಾಳಿಗೆ ಎದುರಾಗುತ್ತೆ. ತುಮಕೂರು, ಬೆಂಗಳೂರಿನ ಸಂಜೆ ಗುಡುಗಿಗೆ ಇದೇ ಮೂಲ. ಆದರೆ 5–6 ಕಿ.ಮೀ. ಎತ್ತರದ ಗಾಳಿ ಆಗ ದುರ್ಬಲ. ಮೋಡ ವಾಲಿ ತಿರುಗದೆ ನೆಟ್ಟಗೆ ಬೆಳೆಯುತ್ತೆ, ತನ್ನ ಮಳೆಯ ತಂಪಿಗೆ ತಾನೇ ಗಂಟೆಯೊಳಗೆ ಅಳಿಯುತ್ತೆ.

ಬೈಶಾಖಿ

ಭಾರತದಲ್ಲೇ ಉದಾಹರಣೆ ಬೇಕಿದ್ದರೆ ಬಂಗಾಳದ ಕಾಲಬೈಶಾಖಿ ನೋಡಿ. ಛೋಟಾ ನಾಗಪುರ ಪ್ರಸ್ಥಭೂಮಿಯ ಕಡೆಯ ಬಿಸಿ ಒಣಗಾಳಿ ಕೊಲ್ಲಿಯ ತೇವದ ಮೇಲೆ ಮುಚ್ಚಳ ಹಾಕುತ್ತೆ. ಮಾರ್ಚ್–ಮೇ ಸಂಜೆ ಅದು ಒಡೆದಾಗ ಬಿರುಗಾಳಿ ವಾಯವ್ಯದಿಂದ ಆಗ್ನೇಯಕ್ಕೆ ಓಡುತ್ತೆ. ಕಡಲು ಮರೆಯ ಬದಿಗೇ ಇದೆ ಅನ್ನೋದು ಗಮನಿಸಿ.

ಘಟ್ಟದಾಚೆ

ಧನ್ಯವಾದ, ಈಗ ಸ್ಪಷ್ಟವಾಯಿತು. 700 ಹೆಕ್ಟೋಪಾಸ್ಕಲ್‌ನಲ್ಲಿ 12 ಡಿಗ್ರಿ ದಾಟಿದರೆ ಮುಚ್ಚಳ ಒಡೆಯುವುದಿಲ್ಲ ಅಂತ ಓದಿದ್ದೆ. ನಂಬಬಹುದಾ?

ಬಯಲುಗಾಳಿ

ಒಕ್ಲಹೋಮದ ಏಪ್ರಿಲ್–ಮೇಗೆ ಅಂದಾಜಾಗಿ ಸರಿ. ಡೆನ್ವರ್‌ಗೆ ಬಳಸಬೇಡಿ. ಅಲ್ಲಿ ನೆಲವೇ 1,600 ಮೀಟರ್ ಎತ್ತರ, 700 ಹೆಕ್ಟೋಪಾಸ್ಕಲ್ ತಲೆ ಮೇಲೆ ಬರೀ ಒಂದೂವರೆ ಕಿ.ಮೀ. ಬಿಸಿಲೇ ಅದನ್ನು ಮುಟ್ಟುತ್ತೆ, ಜುಲೈನಲ್ಲಿ 14 ಡಿಗ್ರಿ ಇದ್ದರೂ ಮೋಡ ಏಳುತ್ತೆ.