ಮೊಣಕಾಲು ನೋವಿಗೆ ಜಿಕ್ರ್ ನೆರವಾಗುವುದೇ?

ಪ್ರಶ್ನೆ (ದಾವಣಗೆರೆಯಿಂದ):
ನನ್ನ ತಾಯಿಗೆ 61 ವರ್ಷ. ಮಂಡಕ್ಕಿ ಭಟ್ಟಿಯಲ್ಲಿ ಇಪ್ಪತ್ತು ವರ್ಷ ಕುಕ್ಕರಗಾಲಿನಲ್ಲಿ ಕೂತು ದುಡಿದವರು. ಈಗ ಎರಡೂ ಮೊಣಕಾಲಿನ ಕೀಲು ಸವೆದಿದೆ. ಇಷಾ, ಅಂದರೆ ರಾತ್ರಿಯ ನಮಾಜಿನ ನಂತರ ಕಣ್ಣು ಮುಚ್ಚಿ, ತಸ್ಬೀಹ್ ಮಣಿಮಾಲೆ ಹಿಡಿದು ಅರ್ಧ ಗಂಟೆ ಜಿಕ್ರ್, ಅಂದರೆ ದೇವರ ನಾಮಸ್ಮರಣೆ ಮಾಡಿದ ರಾತ್ರಿ ನೋವು ತಗ್ಗಿ ನಿದ್ರೆ ಬರುತ್ತದೆ ಎನ್ನುತ್ತಾರೆ. ಆದರೆ ನಮಾಜಿನಲ್ಲಿ ಹಣೆ ನೆಲಕ್ಕಿಡುವ ಸಜ್ದಾದಿಂದ ಏಳಲು ಗೋಡೆ ಹಿಡಿಯಬೇಕು, ಕುರ್ಚಿಯಲ್ಲಿ ಕೂತು ನಮಾಜ್ ಮಾಡಿ ಎಂದರೆ ಒಪ್ಪುವುದಿಲ್ಲ, ಮಾತ್ರೆಯನ್ನೂ ಕಳೆದ ತಿಂಗಳು ತಾವೇ ಬಿಟ್ಟಿದ್ದಾರೆ. ಜಿಕ್ರ್‌ನಿಂದ ನಿಜವಾದ ಉಪಯೋಗವಿದೆಯೇ, ಇಲ್ಲವೇ ಅದು ಮನಸ್ಸಿನ ಸಮಾಧಾನವಷ್ಟೆಯೇ?

ಉತ್ತರ (ಫಿಸಿಯೋಥೆರಪಿಸ್ಟ್, ಚಿತ್ರದುರ್ಗ):
ಆ ‘ಅಷ್ಟೆ’ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಕೀಲಿನಲ್ಲಿ ಹುಟ್ಟಿದ ನೋವಿನ ಸಂದೇಶ ಬೆನ್ನುಹುರಿಯಲ್ಲಿ ಒಂದು ಬಾಗಿಲನ್ನು ದಾಟಿಯೇ ಮಿದುಳಿಗೆ ಹೋಗುತ್ತದೆ, ಆ ಬಾಗಿಲನ್ನು ಮಿದುಳೂ ಕಿರಿದುಗೊಳಿಸಬಲ್ಲದು ಎಂದು ಮೆಲ್ಜಾಕ್ ಮತ್ತು ವಾಲ್ 1965ರಲ್ಲೇ ವಿವರಿಸಿದ್ದರು. ಭಯ, ನಿದ್ರೆಗೇಡು, ಬಿಗಿದ ಸ್ನಾಯು ಅದನ್ನು ಅಗಲಿಸುತ್ತವೆ. ಒಂದೇ ನಾಮವನ್ನು ಮೆಲ್ಲಗೆ ಉಚ್ಚರಿಸುತ್ತ ಉಸಿರು ನಿಧಾನವಾದಾಗ ಈ ಮೂರೂ ಸಡಿಲುತ್ತವೆ. ಸವೆದ ಮೃದ್ವಸ್ಥಿ ಮಾತ್ರ ಜಿಕ್ರ್‌ನಿಂದ ಬೆಳೆಯದು. ಆದ್ದರಿಂದ ತೊಡೆಯ ಸ್ನಾಯುವಿನ ವ್ಯಾಯಾಮವೂ ಬೇಕು: ಕುರ್ಚಿಯಲ್ಲಿ ಕೂತು ಒಂದು ಕಾಲನ್ನು ನೇರಮಾಡಿ, ಐದು ಬಾರಿ ‘ಸುಬ್‌ಹಾನಲ್ಲಾಹ್’ ಎನ್ನುವಷ್ಟು ಹೊತ್ತು ಹಿಡಿದು ಇಳಿಸಲಿ. ನೋವಿನ ಮಾತ್ರೆಯನ್ನು ಕಡಿಮೆ ಮಾಡಬಹುದೇ ಎಂಬುದನ್ನು ವೈದ್ಯರೇ ಹೇಳಬೇಕು.

ಉತ್ತರ (ನಿವೃತ್ತ ಉರ್ದು ಶಿಕ್ಷಕ, ದಾವಣಗೆರೆ):
ಎಣಿಕೆಗೆ ಜಿಕ್ರ್ ಬಳಸಲು ಅಭ್ಯಂತರವಿಲ್ಲ, ಆದರೆ ನಮಾಜಿನ ನಂತರ 33, 33, 34 ಸಲ ದೇವರನ್ನು ಸ್ತುತಿಸುವ ತಸ್ಬೀಹ್‌ಗೆ ಅದರದೇ ಹೊತ್ತಿರಲಿ. ಕುರ್ಚಿಯ ವಿಷಯದಲ್ಲಿ ತಾಯಿಯವರಿಗೆ ಪ್ರವಾದಿಯವರ ಸಂಗಡಿಗ ಇಮ್ರಾನ್ ಬಿನ್ ಹುಸೈನ್ ಅವರ ಹದೀಸನ್ನು (ಪ್ರವಾದಿಯವರ ಮಾತಿನ ವರದಿಯನ್ನು) ಓದಿ ಹೇಳಿ. ಕಾಯಿಲೆಯಲ್ಲಿದ್ದ ಅವರಿಗೆ ಪ್ರವಾದಿಯವರು ನಿಂತು, ಆಗದಿದ್ದರೆ ಕೂತು, ಅದೂ ಆಗದಿದ್ದರೆ ಮಗ್ಗುಲಾಗಿ ನಮಾಜ್ ಮಾಡಲು ತಿಳಿಸಿದರೆಂದು ಬುಖಾರಿ ಹದೀಸ್ ಸಂಗ್ರಹದಲ್ಲಿದೆ. ಫರ್ಜ್ (ಕಡ್ಡಾಯ) ನಮಾಜ್ ಮಾತ್ರ ಲೆಕ್ಕ ಹಾಕಿದರೂ ದಿನಕ್ಕೆ 17 ರಕಾತ್ (ನಮಾಜಿನ ಸುತ್ತು), ತಲಾ ಎರಡರಂತೆ 34 ಸಜ್ದಾ. ಸವೆದ ಮೊಣಕಾಲು ಅಷ್ಟು ಸಲ ಪೂರ್ತಿ ಮಡಚಬೇಕು. ಕೂತವರು ಸಜ್ದಾಕ್ಕೆ ರುಕೂ ಎಂಬ ಬಾಗುವಿಕೆಗಿಂತ ತುಸು ಹೆಚ್ಚು ಬಾಗಿದರೆ ಸಾಕು. ಮದ್ದು ಮಾಡಿಕೊಳ್ಳಿ ಎಂದದ್ದೂ ಪ್ರವಾದಿಯವರೇ. ಮದ್ದಿಲ್ಲದ್ದು ಮುಪ್ಪೊಂದಕ್ಕೆ ಎಂದು ಸೇರಿಸಿದ್ದನ್ನು ನನ್ನ ವಯಸ್ಸಿನವರು ಮರೆತಂತೆ ನಟಿಸುತ್ತೇವೆ.

ಉತ್ತರ (ಹಿರಿಯೂರಿನಿಂದ):
ನನ್ನದು ಸವೆತವಲ್ಲ, ಸಂಧಿವಾತ. ಜಿಕ್ರ್‌ನಿಂದ ಹಾಯೆನಿಸಿತೆಂದು ವಾರಕ್ಕೊಮ್ಮೆಯ ಸಂಧಿವಾತದ ಮದ್ದು ಮೆಥೋಟ್ರೆಕ್ಸೇಟ್ ಬಿಟ್ಟೆ. ಕೆಲವೇ ವಾರಗಳಲ್ಲಿ ಬೆರಳು ಊದಿ, ತಸ್ಬೀಹ್ ಮಣಿ ಸರಿಸಲೂ ಆಗಲಿಲ್ಲ.

ಪ್ರಶ್ನೆ ಕೇಳಿದವರು:
ಹದೀಸನ್ನು ಓದಿ ಹೇಳಿದೆ. ಮಧ್ಯಾಹ್ನದ ಜುಹರ್ ಮತ್ತು ಇಳಿಹೊತ್ತಿನ ಅಸರ್‌ಗೆ ಕುರ್ಚಿ ಆಗಬಹುದು ಎಂದಿದ್ದಾರೆ. ಮಾತ್ರೆಯ ಮಾತಿಗೆ ಇನ್ನೂ ಉತ್ತರ ಕೊಟ್ಟಿಲ್ಲ.