ಮೂರಾಣೆ ಲೆಕ್ಕ ಮತ್ತು ಒಂದು ಮಸಾಲೆ ದೋಸೆ

ಮೊನ್ನೆ ಸಂಜೆ ನಮ್ಮ ಹೋಟೆಲ್ ಮೇಜಿನ ಮೇಲೆ ಒಂದು ಅವಿಶ್ವಾಸ ನಿರ್ಣಯ ಮಂಡನೆಯಾಯಿತು. ತಪ್ಪು ನಮ್ಮದಲ್ಲ, ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅವರದು.

ನಾವು ನಾಲ್ವರು. ಎಲ್‌ಐಸಿಯಿಂದ ನಿವೃತ್ತರಾದ ರಾಯರು, ಲೆಕ್ಕದ ಮೇಷ್ಟ್ರು, ದಿನಸಿ ಅಂಗಡಿ ಶೆಟ್ರು, ಮತ್ತೆ ನಾನು. ಗೋಡೆಯ ಟಿವಿಯಲ್ಲಿ ಲೋಕಸಭೆ ನಡೆಯುತ್ತಿತ್ತು. ನಡೆಯುತ್ತಿತ್ತು ಅನ್ನೋದೂ ಜಾಸ್ತಿಯೇ. ಒಂದಷ್ಟು ಜನ ಸದನದ ಬಾವಿಗಿಳಿದಿದ್ದರು, ಸ್ಪೀಕರ್ ಕೂತ್ಕೊಳ್ಳಿ ಕೂತ್ಕೊಳ್ಳಿ ಅನ್ನುತ್ತಿದ್ದರು, ಆಮೇಲೆ ಕಲಾಪ ಮುಂದಕ್ಕೆ ಹೋಯಿತು.

"ಈ ವಿರೋಧ ಪಕ್ಷದವರಿಗೆ ಬೇರೆ ಕೆಲಸ ಇಲ್ಲ ಕಣ್ರೀ" ಅಂದರು ರಾಯರು, ದೋಸೆಯ ಗರಿಗರಿ ಅಂಚು ಮುರಿಯುತ್ತಾ. "ಓಟಿಗೆ ಹಾಕಿದ್ರೆ ಸೋಲ್ತೀವಿ ಅಂತ ಅವರಿಗೂ ಗೊತ್ತು. ಮತ್ತೆ ಯಾಕೆ ಗಂಟಲು ಹರ್ಕೊಳ್ಳೋದು?"

ಮೇಷ್ಟ್ರು ಕಾಫಿ ಲೋಟ ಕೆಳಗಿಟ್ಟರು. ಅವರು ಲೋಟ ಕೆಳಗಿಟ್ಟರೆ ಪಾಠ ಶುರು ಅಂತ ಅರ್ಥ.

"ಸೋಲೋದು ಗೊತ್ತಿದ್ದೇ ಮಂಡಿಸೋದು ರಾಯರೇ. ಲೋಕಸಭೆಯ ಮೊಟ್ಟಮೊದಲ ಅವಿಶ್ವಾಸ ನಿರ್ಣಯ ಬಂದಿದ್ದು 1963ರ ಆಗಸ್ಟ್‌ನಲ್ಲಿ. ಚೀನಾ ಯುದ್ಧದಲ್ಲಿ ಪೆಟ್ಟು ತಿಂದು ಇನ್ನೂ ವರ್ಷ ಆಗಿರಲಿಲ್ಲ. ವಿರೋಧ ಪಕ್ಷದ ಆಚಾರ್ಯ ಕೃಪಲಾನಿ ತಂದರು, ನೆಹರೂ ಸರ್ಕಾರದ ಮೇಲೆ. ನಾಲ್ಕು ದಿನ ಚರ್ಚೆ. ಕೊನೆಗೆ ಪರವಾಗಿ 62, ವಿರುದ್ಧ 347."

"62 ಓಟಿಗೆ ನಾಲ್ಕು ದಿನವಾ?" ಶೆಟ್ರು ಹೌಹಾರಿದರು. "ಅಂಗಡಿ ಆಗಿದ್ರೆ ಮೊದಲನೇ ದಿನವೇ ಶಟರ್ ಎಳೀತಿದ್ದೆ."

"ನೆಹರೂ ಎಳೀಲಿಲ್ಲ. ಇಂಥ ಪರೀಕ್ಷೆ ಆಗಾಗ ನಡೆದರೆ ಒಳ್ಳೇದೇ ಅನ್ನೋ ಅರ್ಥದ ಮಾತಾಡಿದರು."

"347 ಜನ ಬೆನ್ನ ಹಿಂದೆ ಇದ್ರೆ ನಾನೂ ಹಂಗೇ ಅಂತೀನಿ" ಅಂದರು ರಾಯರು. ಅದು ನಿಜವೇ ಅನ್ನಿಸಿ ನಾನು ಸುಮ್ಮನಿದ್ದೆ.

"ಮಜಾ ಇರೋದು ಓಟಲ್ಲಿ ಅಲ್ಲ" ಅಂತ ಮೇಷ್ಟ್ರು ಕುರ್ಚಿ ಮುಂದಕ್ಕೆ ಎಳೆದುಕೊಂಡರು. "ಲೋಹಿಯಾ ಆಗಷ್ಟೇ ಫರೂಕಾಬಾದ್ ಉಪಚುನಾವಣೆ ಗೆದ್ದು ಬಂದಿದ್ದರು. ಸದನಕ್ಕೆ ಹೊಸಬರು, ಜೈಲಿಗೆ ಹಳಬರು. 1951ರಲ್ಲಿ ನಮ್ಮ ಕಾಗೋಡಿನ ಗೇಣಿದಾರರ ಸತ್ಯಾಗ್ರಹಕ್ಕೆ ಬಂದು ಒಳಗೆ ಹೋದವರು ಅವರು. ಎದ್ದು ನಿಂತು ಹೇಳಿದ್ದು ಇಷ್ಟೇ: ಈ ದೇಶದ 27 ಕೋಟಿ ಜನ ದಿನಕ್ಕೆ ಮೂರಾಣೆಯಲ್ಲಿ ಬದುಕ್ತಿದ್ದಾರೆ. ಪ್ರಧಾನಿ ಮೇಲೆ ದಿನಕ್ಕೆ 25,000 ರೂಪಾಯಿ ಖರ್ಚಾಗ್ತಿದೆ. ಅವರ ನಾಯಿಗೇ ಮೂರು ರೂಪಾಯಿ ಅಂತಾನೂ ಸೇರಿಸಿದ್ರು."

ಶೆಟ್ರ ಬೆರಳು ಆಗಲೇ ಮೇಜಿನ ಮೇಲೆ ಆಡುತ್ತಿತ್ತು. ರೂಪಾಯಿಗೆ ಹದಿನಾರಾಣೆ. ಮೂರು ರೂಪಾಯಿಗೆ 48 ಆಣೆ.

"ಹದಿನಾರು ಜನ!" ಅಂದರು. "ಒಂದು ನಾಯಿಗೆ ಹದಿನಾರು ಜನ!"

"ಒಂದು ನಿಮಿಷ, ಒಂದು ನಿಮಿಷ" ಅಂತ ರಾಯರು ಚಟ್ನಿ ಕೈ ಎತ್ತಿದರು. "ಆಣೆ ಹೋಗಿ ನಯಾಪೈಸೆ ಬಂದಿದ್ದು 1957ರಲ್ಲಿ. 1963ರಲ್ಲಿ ಆಣೆ ಎಲ್ಲಿತ್ತು? ಕ್ರಿಯಾಲೋಪ! ನಿಯಮ ತಪ್ಪಿದೆ!"

"ಸರ್ಕಾರಿ ಕಾಗದದಲ್ಲಿ ಇರಲಿಲ್ಲ, ಬಾಯಲ್ಲಿ ಇತ್ತು" ಅಂದರು ಶೆಟ್ರು. "ನಮ್ಮಪ್ಪ ಸಾಯೋತನಕ ನಾಲ್ಕಾಣೆ ಎಂಟಾಣೆ ಅಂತಲೇ ಅಂತಿದ್ರು. ಹತ್ತೊಂಬತ್ತು ಪೈಸೆ ಅಂತ ಭಾಷಣ ಮಾಡಿದ್ರೆ ಯಾರಿಗೆ ನೆನಪಿರುತ್ತೆ? ಮೂರಾಣೆ ಅನ್ನಿ, ನೋಡಿ, ಅರವತ್ತು ವರ್ಷ ಆದ್ರೂ ಮೇಷ್ಟ್ರು ಬಿಡ್ತಿಲ್ಲ."

ಮೇಷ್ಟ್ರು ಇದನ್ನು ಹೊಗಳಿಕೆ ಅಂತಲೇ ತಗೊಂಡರು. "ನೆಹರೂ ಒಪ್ಪಲಿಲ್ಲ. ಮೂರಲ್ಲ, ಹದಿನೈದಾಣೆ ಅಂದ್ರು. ಅವರದೇ ಮಂತ್ರಿ ಗುಲ್ಜಾರಿಲಾಲ್ ನಂದಾ ಏಳೂವರೆ ಆಣೆ ಅಂದ್ರು."

"ಒಂದೇ ಸರ್ಕಾರ, ಎರಡು ರೇಟಾ? ಚೌಕಾಸಿ ಮಾಡಿದಂಗಿದೆಯಲ್ಲ!"

"ಅದೇ ವಿಷಯ ಶೆಟ್ರೇ! ಹದಿನೈದಾಣೆ ಅನ್ನೋದು ಸರಾಸರಿ. ಇಡೀ ದೇಶದ ಆದಾಯ ಕೂಡಿಸಿ ತಲೆಗೆ ಭಾಗ ಮಾಡಿದ್ದು. ಅದರಲ್ಲಿ ಗಿರಣಿ ಮಾಲೀಕನೂ ಇದ್ದಾನೆ, ಕೂಲಿಯವನೂ ಇದ್ದಾನೆ. ಮೇಲಿನವರನ್ನು ಬದಿಗಿಟ್ಟು ಕೆಳಗಿನವರ ಲೆಕ್ಕ ಹೇಳಿ ಅನ್ನೋದು ಲೋಹಿಯಾ ವಾದ. ಸರಾಸರಿ ಅನ್ನೋದು ಉಣ್ಣೋನ ತಟ್ಟೆ ತೋರಿಸಲ್ಲ."

ತಟ್ಟೆ ಅಂದಿದ್ದೇ ತಡ, ಶೆಟ್ರು ತಟ್ಟೆ ನೋಡಿದರು. ನಾನೂ ನೋಡಿದೆ. ನಾಲ್ಕು ಜನರ ಮೇಜಿನ ಮೇಲೆ ತಟ್ಟೆ ಇದ್ದಿದ್ದು ಒಂದೇ. ಅದರಲ್ಲಿ ಸ್ವಲ್ಪ ಕೆಂಪು ಚಟ್ನಿ, ಆಲೂಗಡ್ಡೆ ಪಲ್ಯದ ಒಂದು ಚೂರು ಉಳಿದಿತ್ತು. ಉಳಿದಿದ್ದನ್ನು ರಾಯರು ಬೆರಳಿನಿಂದ ಬಳಿಯುತ್ತಿದ್ದರು.

ನಮ್ಮಲ್ಲಿ ಎಷ್ಟೋ ವರ್ಷದ ಪದ್ಧತಿ ಒಂದಿದೆ. ಬಿಲ್ ಬಂದರೆ ನಾಲ್ಕು ಭಾಗ. ಅದನ್ನು ಜಾರಿಗೆ ತಂದವರು ರಾಯರೇ. "ಸ್ನೇಹಿತರ ಮಧ್ಯೆ ಯಾರು ಏನು ತಿಂದ್ರು ಅಂತ ಲೆಕ್ಕ ಹಾಕಬಾರದು" ಅನ್ನೋದು ಅವರ ಧ್ಯೇಯವಾಕ್ಯ. ದೊಡ್ಡ ಮನಸ್ಸು ಅಂತ ನಾನು ಇಷ್ಟು ದಿನ ತಿಳಿದಿದ್ದೆ.

ಶೆಟ್ರು ಜೇಬಿಂದ ಪೆನ್ನು ತೆಗೆದು ಟಿಶ್ಯೂ ಪೇಪರ್ ಮೇಲೆ ಬರೆದರು. ಮಸಾಲೆ ದೋಸೆ 80, ರಾಯರ ಕಾಫಿ 20, ಮೇಷ್ಟ್ರ ಕಾಫಿ 20, ನಮ್ಮಿಬ್ಬರ ಬೈಟು 20. ಒಟ್ಟು 140. ತಲೆಗೆ 35.

"ನಾನು ಕುಡಿದಿದ್ದು ಹತ್ತು ರೂಪಾಯಿ ಕಾಫಿ. ಕೊಡ್ತಿರೋದು 35. ರಾಯರು ತಿಂದಿದ್ದು ನೂರು, ಕೊಡ್ತಿರೋದೂ 35. ಲೆಕ್ಕದ ಪ್ರಕಾರ ನಾವೆಲ್ಲ ಕಾಲು ಕಾಲು ದೋಸೆ ತಿಂದಿದ್ದೀವಿ. ನನ್ನ ಕಾಲು ಎಲ್ಲಿ ಮೇಷ್ಟ್ರೇ?"

ಮೇಷ್ಟ್ರು ಉತ್ತರಿಸಲಿಲ್ಲ. ಅವರ ಪಾಠ ಯಾರೋ ಒಬ್ಬರು ಜೀವನಕ್ಕೆ ಅಳವಡಿಸಿಕೊಂಡಿದ್ದು ಬಹುಶಃ ಅದೇ ಮೊದಲು.

ಇನ್ನು ರಾಯರ ಸಮರ್ಥನೆ. ಅವರು ಮಂತ್ರಿಯಾಗಬೇಕಿತ್ತು, ತಪ್ಪಿ ವಿಮೆಗೆ ಹೋದರು.

"ಈ ಪದ್ಧತಿ ಹಿಂದಿನಿಂದ ನಡ್ಕೊಂಡು ಬಂದಿದೆ."

"ತಂದೋರು ನೀವೇ!"

"ಹಿಂದೆ ತಂದಿದ್ದು."

"ಹೋದ ತಿಂಗಳು ಎಷ್ಟು ದೋಸೆ ತಿಂದ್ರಿ? ಅದನ್ನಾದ್ರೂ ಹೇಳಿ."

"ಮಾಹಿತಿ ಸಂಗ್ರಹಿಸಲಾಗ್ತಿದೆ. ಪ್ರಶ್ನೆ ಕೇಳೋಕೆ ಒಂದು ಕ್ರಮ ಇದೆ ಶೆಟ್ರೇ. ಲೋಕಸಭೆಯಲ್ಲೂ 15 ದಿನ ಮುಂಚೆ ನೋಟಿಸ್ ಕೊಡಬೇಕು."

"ಸರಿ, ಅದು ಮೂಲ ಪ್ರಶ್ನೆಗೆ" ಮೇಷ್ಟ್ರು ಮಧ್ಯೆ ಬಂದರು. "ಸದನದಲ್ಲೇ ಬಾಯಿಬಿಟ್ಟು ಉತ್ತರಿಸಬೇಕಾದ ಚುಕ್ಕೆ ಗುರುತಿನ ಪ್ರಶ್ನೆಗೆ ಅಧಿಕಾರಿಗಳು ಬರೆದುಕೊಟ್ಟಿದ್ದನ್ನ ಮಂತ್ರಿ ಓದ್ತಾರೆ, ಕಷ್ಟ ಇಲ್ಲ. ಅದರ ಬೆನ್ನಿಗೇ ಕೇಳೋ ಉಪಪ್ರಶ್ನೆಗೆ ನೋಟಿಸ್ ಇಲ್ಲ. ಸಿಕ್ಕಿಬೀಳೋದು ಅಲ್ಲೇ. ಈಗ ನನ್ನ ಉಪಪ್ರಶ್ನೆ: ಎಕ್ಸ್‌ಟ್ರಾ ಬೆಣ್ಣೆ ಹಾಕಿಸ್ಕೊಂಡಿದ್ದು ಯಾರ ದುಡ್ಡಲ್ಲಿ?"

ಬೆಣ್ಣೆ ವಿಷಯ ನನಗೂ ಹೊಸದು. ಸದನ ಒಂದು ಕ್ಷಣ ಸ್ತಬ್ಧವಾಯಿತು.

"ಮೇಷ್ಟ್ರೇ, ನೀವು ನನ್ನ ಪಕ್ಕ ಕೂರೋರು. ನನ್ನ ಕಡೆಯವರು ಅಂದ್ಕೊಂಡಿದ್ದೆ" ಅಂದರು ರಾಯರು ನೋವಿನಿಂದ.

"ಸರ್ಕಾರಿ ಸಂಸ್ಥೆಯ ದುಡ್ಡನ್ನ ಉದ್ಯಮಿ ಮುಂದ್ರಾ ಕಂಪನಿಗಳ ಷೇರಿಗೆ ಸುರಿದ ಹಗರಣವನ್ನ 1957ರಲ್ಲಿ ಎತ್ತಿದ ಫಿರೋಜ್ ಗಾಂಧಿಯೂ ಆಳೋ ಪಕ್ಷದವರೇ. ನೆಹರೂ ಅಳಿಯ ಬೇರೆ. ಅವರು ಪ್ರಶ್ನೆ ಕೇಳಿದ್ದಕ್ಕೆ ಮುಂದಿನ ವರ್ಷ ಹಣಕಾಸು ಮಂತ್ರಿ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ಅಷ್ಟಕ್ಕೂ ಅದು ಯಾವ ಸಂಸ್ಥೆಯ ದುಡ್ಡು ರಾಯರೇ?"

ರಾಯರು ಕೆಂಪಾದರು. ಅದು ಎಲ್‌ಐಸಿ ದುಡ್ಡು. "ನಾನು ಹುಟ್ಟಿದ್ದೇ 1959ರಲ್ಲಿ!" ಅಂತ ಕೂಗಿದರು. ಪಕ್ಕದ ಮೇಜಿನವರು ತಿರುಗಿ ನೋಡಿದರು.

ಶೆಟ್ರು ನಿರ್ಣಯವನ್ನು ಓಟಿಗೆ ಹಾಕಿಯೇಬಿಟ್ಟರು. "ಇನ್ಮೇಲೆ ಅವರವರು ತಿಂದಿದ್ದು ಅವರವರೇ ಕೊಡಬೇಕು. ಹೌದು ಅನ್ನೋರು ಹೌದು ಅನ್ನಿ." ಮೂರು ಹೌದು ಬಂತು. ನನ್ನ ಹೌದು ಸ್ವಲ್ಪ ಮೆತ್ತಗಿತ್ತು, ಯಾಕಂದರೆ ಹಿಂದಿನ ವಾರ ಪೂರಿ ತಿಂದವನು ನಾನೇ. ಪುಣ್ಯಕ್ಕೆ ಯಾರೂ ಹಳೇ ಕಡತ ತೆಗೆಯಲಿಲ್ಲ.

ರಾಯರು ಎದ್ದರು. ಛತ್ರಿ ತಗೊಂಡರು. "ಏಕಪಕ್ಷೀಯ ನಡವಳಿಕೆ ಖಂಡಿಸಿ ಸಭಾತ್ಯಾಗ ಮಾಡ್ತಿದೀನಿ" ಅಂದವರೇ ಮೆಟ್ಟಿಲಿಳಿದು ಹೊರಟೇಹೋದರು.

ಸರ್ಕಾರವೇ ಸಭಾತ್ಯಾಗ ಮಾಡಿದ್ದನ್ನು ನಾನು ಮೊದಲ ಸಲ ನೋಡಿದ್ದು. ಶೆಟ್ರು ಗೆದ್ದ ಖುಷಿಗೆ ಮೇಜು ಕುಟ್ಟಿದರು. ಅಷ್ಟರಲ್ಲಿ ಮಾಣಿ ಬಿಲ್ ತಂದಿಟ್ಟ. ಬೆಣ್ಣೆ ಬಿಟ್ಟೇ 140.

ಮೇಷ್ಟ್ರು ಟಿಶ್ಯೂ ಪೇಪರ್ ತಿರುಗಿಸಿ ಅದರ ಹಿಂದೆ ಭಾಗಾಕಾರ ಮಾಡಿದರು.

"ತಲೆಗೆ 46 ರೂಪಾಯಿ 67 ಪೈಸೆ" ಅಂದರು ಮೆಲ್ಲಗೆ. "ಸರಾಸರಿ."