ಪದಚರ್ಚೆ: ‘ಡೈನಮಿಕ್ ಮೆಂಬರ್ ಆಕ್ಸೆಸ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಎಫ್ ಶಾರ್ಪ್ (F#) ಎಂಬ ಪ್ರೋಗ್ರಾಮಿಂಗ್ ಭಾಷೆಯ ಬಗ್ಗೆ ಕನ್ನಡದಲ್ಲಿ ಒಂದು ಟಿಪ್ಪಣಿ ಬರೆಯುತ್ತಿದ್ದೇನೆ. ಅದರಲ್ಲಿ ? ಎಂಬ ಆಪರೇಟರ್ (ಒಂದು ಕೆಲಸ ಮಾಡಿಸುವ ಚಿಹ್ನೆ) ಬರುತ್ತದೆ. ಅದರ ಕೆಲಸಕ್ಕೆ ಇಂಗ್ಲಿಷಿನಲ್ಲಿ ‘ಡೈನಮಿಕ್ ಮೆಂಬರ್ ಆಕ್ಸೆಸ್’ ಅನ್ನುತ್ತಾರೆ. ‘ಮೆಂಬರ್’ (ಒಂದು ವಸ್ತುವಿನೊಳಗಿನ ಹೆಸರಿರುವ ಭಾಗ) ಹಾಗೇ ಇರಲಿ, ‘ಸದಸ್ಯ’ ಬೇಡ. ಉಳಿದೆರಡಕ್ಕೆ ನಿಮ್ಮ ಸಲಹೆ ಬೇಕು.

ಮೊದಲು ಅದು ಮಾಡುವ ಕೆಲಸ ನೋಡೋಣ. ಸಾಮಾನ್ಯವಾಗಿ ನಾವು ಚುಕ್ಕಿ ಹಾಕಿ ಪುಟ.ಶೀರ್ಷಿಕೆ ಎಂದು ಬರೆಯುತ್ತೇವೆ. ಆ ಹೆಸರಿನ ಮೆಂಬರ್ ಇದೆಯೋ ಇಲ್ಲವೋ ಅಂತ ಕಂಪೈಲರ್ (ನಾವು ಬರೆದ ಕೋಡನ್ನು ಓಡಿಸುವ ಮೊದಲು ಅನುವಾದಿಸುವ ತಂತ್ರಾಂಶ) ಆಗಲೇ ನೋಡುತ್ತದೆ. ಪುಟ?ಶೀರ್ಷಿಕೆ ಎಂದು ಬರೆದರೆ ನೋಡುವುದಿಲ್ಲ. ‘ಶೀರ್ಷಿಕೆ’ ಎಂಬ ಹೆಸರನ್ನು ಸ್ಟ್ರಿಂಗ್ (ಬರೀ ಅಕ್ಷರಗಳ ಸಾಲು) ಮಾಡಿ ? ಎಂಬ ಫಂಕ್ಷನ್‌ಗೆ ಕೊಟ್ಟುಬಿಡುತ್ತದೆ. ಆ ಫಂಕ್ಷನ್ ಬರೆಯಬೇಕಾದವರು ನಾವೇ. ಭಾಷೆಯ ಮೂಲ ಲೈಬ್ರರಿ ಅದಕ್ಕೆ ಯಾವ ಅರ್ಥವನ್ನೂ ಕೊಟ್ಟಿಲ್ಲ. ಒಬ್ಬರು ರಿಫ್ಲೆಕ್ಷನ್ (ಪ್ರೋಗ್ರಾಮ್ ಓಡುವಾಗ ತನ್ನದೇ ರಚನೆಯನ್ನು ನೋಡಿಕೊಳ್ಳುವ ಸೌಲಭ್ಯ) ಬಳಸಿ ಹುಡುಕಬಹುದು, ಇನ್ನೊಬ್ಬರು ಡಿಕ್ಷನರಿಯಲ್ಲಿ, ಮತ್ತೊಬ್ಬರು ಡೇಟಾಬೇಸಿನ ಸಾಲಿನಲ್ಲಿ. ಮೌಲ್ಯ ಬದಲಿಸಲು ?<- ಎಂಬ ಜೊತೆ ಆಪರೇಟರ್ ಇದೆ. (ಎಫ್ ಶಾರ್ಪ್‌ನಲ್ಲಿ ಹೆಸರುಗಳನ್ನು ಕನ್ನಡ ಲಿಪಿಯಲ್ಲೇ ಇಡಬಹುದು. ಮೇಲಿನ ಉದಾಹರಣೆಯ ಹೆಸರುಗಳು ಕೋಡ್‌ನಲ್ಲೂ ನಡೆಯುತ್ತವೆ. ಇದು ನನಗೆ ತುಂಬ ಖುಷಿ ಕೊಟ್ಟ ವಿಷಯ.)

ಈಗ ‘ಡೈನಮಿಕ್’. ಯಂತ್ರಾನುವಾದದಲ್ಲಿ ಇದಕ್ಕೆ ‘ಕ್ರಿಯಾತ್ಮಕ’ ಎಂದು ಬರುವುದುಂಟು. ‘ಫಂಕ್ಷನಲ್’ಗೂ ಅದೇ ಪದ! ಎಫ್ ಶಾರ್ಪ್ ಫಂಕ್ಷನಲ್ ಭಾಷೆ (ಫಂಕ್ಷನ್ಗಳಿಗೇ ಒತ್ತು ಕೊಡುವ ಭಾಷೆ), ಅದರೊಳಗೆ ಈ ಡೈನಮಿಕ್ ಆಪರೇಟರ್. ಎರಡನ್ನೂ ‘ಕ್ರಿಯಾತ್ಮಕ’ ಅಂದರೆ ಓದುವವರು ಗೊಂದಲಕ್ಕೆ ಬೀಳುತ್ತಾರೆ, ಅಲ್ವಾ? ‘ಚಲನಶೀಲ’ವೂ ಸರಿಯಿಲ್ಲ. ಇಲ್ಲಿ ಏನೂ ಚಲಿಸುವುದಿಲ್ಲ. ಹೆಸರಿಗೆ ತಕ್ಕದ್ದು ಸಿಗುತ್ತದೋ ಇಲ್ಲವೋ ಎನ್ನುವುದು ಪ್ರೋಗ್ರಾಮ್ ಓಡುವಾಗ ಗೊತ್ತಾಗುತ್ತದೆ, ಅಷ್ಟೇ. ‘ಶೀರ್ಷಿಕೆ’ ಬದಲು ‘ಶಿರ್ಷಿಕೆ’ ಎಂದು ಬರೆದರೂ ಕಂಪೈಲರ್ ಸುಮ್ಮನಿರುತ್ತದೆ. ಹಾಗಾಗಿ ‘ಓಡುವಾಗಿನ’ ಅನ್ನುವುದೇ ನನಗೆ ಹಿಡಿಸಿದೆ. ‘ಓಡುಹೊತ್ತಿನ’ ಇನ್ನೂ ಚಿಕ್ಕದು, ಆದರೆ ಕಿವಿಗೆ ಹೊಸದು.

‘ಆಕ್ಸೆಸ್’ಗೆ ‘ಪ್ರವೇಶ’ ಎಂದು ಜಾಸ್ತಿ ಬರೆಯುತ್ತಾರೆ. ಪ್ರವೇಶ ಅಂದರೆ ನಾವು ಒಳಗೆ ಹೋಗುವುದು. ಇಲ್ಲಿ ಒಳಗಿರುವುದನ್ನು ಹೆಸರು ಹೇಳಿ ಪಡೆಯುತ್ತೇವೆ. ‘ಹೆಸರು ಹಿಡಿದು ಪಡೆಯುವುದು’ ಅಂದರೆ ? ಆಪರೇಟರ್‌ನ ಕೆಲಸ ಪೂರ್ತಿ ಬಂತು. ತೊಡಕಿರುವುದು ?<- ನಲ್ಲಿ. ಅದು ಪಡೆಯುವುದಲ್ಲ, ಇಡುವುದು. ಇಂಗ್ಲಿಷಿನ ಪದ ಎರಡನ್ನೂ ಒಳಗೊಳ್ಳುತ್ತದೆ. ‘ಎಟುಕು’ ಎಂಬ ಪದದಿಂದ ಏನಾದರೂ ಕಟ್ಟಬಹುದೇ? ಕೈಗೆ ಎಟುಕಿದ್ದನ್ನು ತೆಗೆಯಲೂಬಹುದು, ಅಲ್ಲಿ ಬೇರೆಯದನ್ನು ಇಡಲೂಬಹುದು.

ಸುಮ್ನೆ ‘ಪ್ರಶ್ನಾರ್ಥಕ ಆಪರೇಟರ್’ ಅಂದರೆ ಸಾಲದೇ ಎಂದು ಕೇಳಬಹುದು. ಸಾಲದು. ಇನ್ನೊಂದು ಭಾಷೆಯಾದ ಸಿ ಶಾರ್ಪ್‌ನಲ್ಲಿ 2015ರಿಂದ ?. ಎಂಬುದಿದೆ. ಅದು ಎಡಗಡೆಯದು ನಲ್ (ಏನೂ ಇಲ್ಲದ್ದು) ಆಗಿದೆಯೇ ಎಂದು ನೋಡುತ್ತದೆ. ಎಫ್ ಶಾರ್ಪ್‌ನಲ್ಲೇ ಕೊಡದೆ ಬಿಟ್ಟರೂ ನಡೆಯುವ ಪ್ಯಾರಾಮೀಟರ್‌ನ ಹೆಸರಿನ ಮುಂದೆಯೂ ಇದೇ ಚಿಹ್ನೆ ಬರುತ್ತದೆ. ಚಿಹ್ನೆ ಒಂದೇ, ಕೆಲಸ ಬೇರೆ ಬೇರೆ.

ಕನ್ನಡದಲ್ಲಿ ಪ್ರೋಗ್ರಾಮಿಂಗ್ ಹೇಳಿಕೊಡುವವರು ಇಲ್ಲಿದ್ದರೆ ದಯವಿಟ್ಟು ತಿಳಿಸಿ: ಪಾಠ ಮಾಡುವಾಗ ‘ಆಕ್ಸೆಸ್ ಮಾಡು’ ಎನ್ನುವ ಕಡೆ ನಿಮ್ಮ ಬಾಯಲ್ಲಿ ತಾನಾಗಿ ಬರುವ ಪದ ಯಾವುದು?